ತೊಂಬತ್ತು ಗ್ರಾಂ

ರಬಕವಿ
೧೮ ನವೆಂಬರ್ ೨೦೨೫, ಮಂಗಳವಾರ

ಮುದ್ದಿನ ತಮ್ಮ ಅಮೋಲನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀ? ಕೆಮ್ಮು ಹೋಯಿತೇ? ಬೆಳಗಾವಿಯಲ್ಲಿ ಈಗ ಥಂಡಿ ಜೋರಂತೆ. ಅವ್ವನ ಕೌದಿಯನ್ನು ಹಾಸಿಕೊಳ್ಳಬೇಡ, ಹೊದ್ದುಕೋ. ಮೆಸ್ಸಿನ ಊಟ ಸೇರುವುದಿಲ್ಲ ಎಂದಿದ್ದಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಇಟ್ಟಿದ್ದೇನೆ. ಫೋನ್ ಇರುವಾಗ ಪತ್ರ ಯಾಕೆಂದು ನಗಬೇಡ. ಫೋನಿನಲ್ಲಿ ನೀನು ಗಡಿಬಿಡಿಯಲ್ಲಿರುತ್ತೀ, ನಾನು ಹೇಳಬೇಕಾದ್ದನ್ನು ಬಿಟ್ಟು ಊಟವಾಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ. ದಿನಾ ಎರಡು ಸಾಲು ಬರೆದಿಡುವ ನೋಟುಬುಕ್ಕಿನಿಂದಲೇ ಈ ಹಾಳೆ ಹರಿದಿದ್ದೇನೆ.

ಅಪ್ಪ ಆರಾಮ ಇದ್ದಾನೆ. ಅವ್ವ ಹೋಗಿ ನಾಲ್ಕು ತಿಂಗಳಾದರೂ ಎಳೆ ಹರಿದಾಗ ಮಗ್ಗದಿಂದ ಅವಳನ್ನೇ ಕೂಗುತ್ತಾನೆ, “ಎಳಿ ಹರೀತ, ಬಾ ಬೇ ಲಕ್ಷ್ಮೀ!” ನಾನು ಓ ಎಂದು ಹೋಗುತ್ತೇನೆ. ಅವನೂ ತಿದ್ದಿಕೊಳ್ಳುವುದಿಲ್ಲ, ನಾನೂ ತಿದ್ದುವುದಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಸಿಟ್ಟಾಗಿದ್ದು ಸರಿಯೇ ಇದೆ. ನೀನು ಕಾಲೇಜಿನಲ್ಲಿ ಮಾಡುತ್ತಿರುವ ಯಂತ್ರದ ಕೈ ನಮ್ಮ ಕೆಲಸವನ್ನೇ ಮಾಡಬೇಕು ಎಂದಾಗ ನನಗೆ ಎಷ್ಟು ಹಿಗ್ಗಾಗಿತ್ತು ಗೊತ್ತೇ? ಮಗ್ಗದ ಮೇಲಿನ ಹಳೆಯ ಹಾಸಿನ ಉದ್ದೆಳೆ ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು. ಗಂಟಿಲ್ಲ, ಬರೀ ಹೊಸೆತ. ದಸರಾ ರಜೆಯಲ್ಲಿ ಬಂದಾಗ ಅಡುಗೆಮನೆಯಲ್ಲಿ ಕೂತು ನೀನು ಹೇಳಿದ್ದನ್ನು ಅವತ್ತೇ ಬರೆದಿಟ್ಟುಕೊಂಡಿದ್ದೆ. “ಅಕ್ಕಾ, ಎತ್ತೂದು, ತಿರುವೂದು ಸಸಾರ. ಹಿಡದದ್ದು ಬಿಗಿ ಆತೋ ಸಡ್ಲ ಆತೋ ಅಂತ ಕೈ ತಿರುಗಿ ಹೇಳಬೇಕು. ಹೇಳಲಿಲ್ಲಂದ್ರ ಅದು ಕೈ ಅಲ್ಲ, ಬರೇ ಕಬ್ಬಿಣ.” ಸೆನ್ಸರು, ಮೋಟಾರು ಎಂದು ಇನ್ನೂ ಏನೇನೋ ಹೇಳಿದೆ. ಹತ್ತನೆಯ ತನಕ ಓದಿದ ನನಗೆ ಅರ್ಥವಾಗಿದ್ದು ಈ ಒಂದು ಮಾತು. ಕಡೆಗೆ ನೀನು ಕೇಳಿದ್ದೂ ಒಂದೇ, “ನೀ ಎಷ್ಟ ಒತ್ತತಿ? ಗ್ರಾಂದಾಗ ಹೇಳ ಬೇ.”

ಗ್ರಾಂ ನನಗೆಲ್ಲಿ ಗೊತ್ತು, ತಮ್ಮಾ? ಅವ್ವ ನನಗೆ ಬಾಯಿಂದ ಕಲಿಸಲಿಲ್ಲ. ಎಳೆ ಜಾರದಂತೆ ಸಗಣಿ ಕುಳ್ಳಿನ ಬೂದಿಯಲ್ಲಿ ಬೆರಳು ಅದ್ದಿಸಿ, ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು, ಕಣ್ಣು ಮುಚ್ಚಿಸಿ ಹೊಸೆಸುತ್ತಿದ್ದಳು. ಎಷ್ಟು ಒತ್ತಲಿ ಎಂದರೆ “ಎಳಿ ಹೇಳತೈತಿ, ನೀ ಸುಮ್ನ ಕೇಳು” ಎನ್ನುತ್ತಿದ್ದಳು. ಹೀಗೆ ಬರೆದರೆ ನಿಮ್ಮ ಸರ್ ಮಾರ್ಕು ಕೊಡುತ್ತಾರೆಯೇ? ಅದಕ್ಕೇ ಪೇಟೆಯಲ್ಲಿ ಬಂಗಾರದ ಕೆಲಸ ಮಾಡುವ ಬಾಳಾಸಾಹೇಬರ ಅಂಗಡಿಗೆ ಹೋಗಿ, ಅವರ ತಕ್ಕಡಿಯ ಮೇಲೆ ಬೆರಳು ಒತ್ತಿ ನೋಡಿದೆ. ಅವರು ನಕ್ಕಿದ್ದೇ ನಕ್ಕಿದ್ದು, “ತಂಗೆವ್ವಾ, ಎಲ್ಲಾರೂ ಬಂಗಾರ ತರತಾರ, ನೀ ಬರೇ ಬೆರಳ ತಂದಿ.” ಒಮ್ಮೆ ಅರವತ್ತು ತೋರಿಸಿತು, ಒಮ್ಮೆ ನೂರಾ ಮೂವತ್ತು, ಒಮ್ಮೆ ತೊಂಬತ್ತು. ನಡುವಿನದು ಇರಲಿ ಎಂದು ನಿನಗೆ ತೊಂಬತ್ತು ಹೇಳಿದೆ.

ನೀನು ಅದನ್ನೇ ನಂಬಿ ಕೈ ಸಿದ್ಧ ಮಾಡಿದೆ. ಕಾಲೇಜಿನಲ್ಲಿ ಎಲ್ಲರೆದುರು ಅದಕ್ಕೆ ಇಪ್ಪತ್ತು ಎಳೆ ಕೊಟ್ಟರು, ಇಪ್ಪತ್ತೂ ಹರಿದವು. “ನಿಮ್ಮ ಅಕ್ಕ ನೇಕಾರಳೋ ಪೈಲ್ವಾನಳೋ” ಎಂದು ಗೆಳೆಯರು ಆಡಿಕೊಂಡರು ಎಂದೆ. ಅದಕ್ಕೆ ಬೇಸರವಿಲ್ಲ. ಆದರೆ “ನನ್ನ ಕಡಿಂದ ಆಗೂದಿಲ್ಲ ಬೇ, ಕಾಲೇಜ ಬಿಟ್ಟು ಮನಿಗೆ ಬಂದ ಬಿಡ್ತೀನಿ” ಎಂದೆಯಲ್ಲ, ಅದಕ್ಕೇ ಈ ಪತ್ರ. ಜನವರಿಯಲ್ಲಿ ಇನ್ನೊಂದು ಸಲ ತೋರಿಸಲು ಅವಕಾಶ ಕೊಟ್ಟಿದ್ದಾರಲ್ಲವೇ? ಬಿಡಬೇಡ. ತಕ್ಕಡಿ ಆವತ್ತು ಸರಿಯಾಗಿ ತೋರಿಸಿರಲಿಕ್ಕಿಲ್ಲ.

ಕೊನೆಯ ವರ್ಷ ಅವ್ವ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಿಂದ ಇಳಿಸುತ್ತಿದ್ದಳು, ನೆನಪಿದೆಯೇ? ಅವ್ವನ ಕೈ ಕಬ್ಬಿಣದ್ದು ಎಂದು ನಾವಿಬ್ಬರೂ ನಗುತ್ತಿದ್ದೆವು. ಅದು ಸಕ್ಕರೆ ಕಾಯಿಲೆಯ ಜೋಮು ಎಂದು ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು. ಆ ನಗು ಈಗ ನನ್ನನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಓದು, ಹೊಟ್ಟೆ ತುಂಬ ಉಣ್ಣು. ಅಪ್ಪನ ಆಶೀರ್ವಾದ ಬೇರೆಯಾಗಿ ಬರೆಯಬೇಕಿಲ್ಲ, ರೊಟ್ಟಿ ಡಬ್ಬಿಯ ಗಂಟು ಕಟ್ಟಿದ್ದು ಅವನೇ.

ನಿನ್ನ ಅಕ್ಕ,
ಪೂರ್ಣಿಮಾ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಅಪ್ಪ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ತಕ್ಕಡಿಯದೇನೂ ತಪ್ಪಿಲ್ಲ, ಅಮೋಲ. ದಸರೆಯಿಂದ ನನ್ನ ಬಲಗೈ ಬೆರಳ ತುದಿಗೆ ಏನೂ ತಿಳಿಯುತ್ತಿಲ್ಲ. ಎಷ್ಟು ಒತ್ತಿದೆನೆಂದು ಗೊತ್ತಾಗದೆಯೇ ಒತ್ತಿದ್ದೆ. ಹೋದ ವಾರ ಕೂಡಿಸಿದ ಹಾಸು ಅರ್ಧಕ್ಕರ್ಧ ಬಿಚ್ಚಿಕೊಂಡಿತು. ಅಪ್ಪ ನೂಲು ಖರಾಬು ಎಂದುಕೊಂಡಿದ್ದಾನೆ, ಹೇಳಬೇಡ. ಇವತ್ತು ಬೆಳಿಗ್ಗೆ ಚಹಾದ ಪಾತ್ರೆಯನ್ನು ಬರಿಗೈಯಿಂದ ಇಳಿಸಿದೆ, ಸುಡಲಿಲ್ಲ. ಎಡಗೈಗೆ ಇನ್ನೂ ತಿಳಿಯುತ್ತದೆ. ಈ ಶನಿವಾರವೇ ಬಾ, ಅವ್ವ ಮಾಡಿದಂತೆ ನಿನ್ನ ಬೆರಳ ಮೇಲೆ ಆ ಬೆರಳಿಡುತ್ತೇನೆ. ಬೂದಿ ಸೋಸಿ ಇಟ್ಟಿರುತ್ತೇನೆ.