ಇದೇ ಯಾಕೆ ಮೊದಲು?

ಹೊಸದಂಡೆ, ತುಂಗಭದ್ರೆಯ ತೀರ
ಫೆಬ್ರವರಿ 30, 2194

ಮುತ್ತಜ್ಜ ಮುತ್ತಜ್ಜಿಯರೇ,

ತಾರೀಖು ನೋಡಿ ನಗಬೇಡಿ, ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬೆಳಗ್ಗಿನಿಂದ ಖುಷಿಗೂ ಗಾಬರಿಗೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕುಳಿತೆ.

ನಾನು ಮಾಬುನ್ನಿ, ಇಲ್ಲಿನ ಹುಡುಕುಮನೆಯ ಸರದಿಗಾರ್ತಿ. ನಿಮ್ಮಲ್ಲಿ ಅಂತರ್ಜಾಲ ಹುಡುಕಿಕೊಡುವುದು ಯಾವುದೋ ದೂರದ ಕಂಪನಿ. ನಮ್ಮಲ್ಲಿ ಅದು ಗ್ರಂಥಾಲಯದ ಹಾಗೆ ಊರಿನದು. ಯಾವ ಪುಟ ಮೊದಲು ಬರಬೇಕು, ಯಾವುದು ಆಮೇಲೆ ಎಂಬ ನಿಯಮ ಬರೆದು ಬಾಗಿಲಿಗೆ ಅಂಟಿಸುವವಳು ನಾನು. ಪ್ರತಿ ಸೋಮವಾರ ಮಂಡಕ್ಕಿ ಮಿರ್ಚಿಯ ಜೊತೆ ‘ಕೊನೆಯವರ ಮಾತು’ ನಡೆಯುತ್ತದೆ. ಯಾರ ಪುಟ ಹಿಂದೆ ಬಿತ್ತೋ ಅವರು ಕಾರಣ ಕೇಳುತ್ತಾರೆ, ನಾನು ಎಲ್ಲರೆದುರು ಹೇಳಲೇಬೇಕು. ವಾರಕ್ಕೊಮ್ಮೆ ಬೈಸಿಕೊಳ್ಳುವ ನೌಕರಿ ಎಂದು ನನ್ನ ಗಂಡ ಕಿಚಾಯಿಸುತ್ತಾನೆ.

ಹೋದ ವರ್ಷ ಒಂದು ಸೋಮವಾರ ಅಲ್ಲಿಗೆ ದ್ಯಾಮವ್ವ ಬಂದರು. ನೀರು ಪರೀಕ್ಷಿಸುವ ಹೆಂಗಸು. ನಮ್ಮ ಕೆಳಗಿನ ಬಾವಿಯ ನೀರು ಕೆಟ್ಟಿದೆ, ಕುಡಿಯಬೇಡಿ ಎಂದು ಪುಟ ಬರೆದಿದ್ದರು. ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ಅದೇ ಬಾವಿಯ ಸಿಹಿನೀರನ್ನು ಹೊಗಳುವ ಹಳೆಯ ಪುಟ. ದ್ಯಾಮವ್ವನದು ನಲವತ್ತೊಂದನೆಯದು. ಅಷ್ಟರಲ್ಲಿ ಆ ನೀರು ಕುಡಿದು ಹನ್ನೊಂದು ಮಕ್ಕಳು ಕಾಯಿಲೆ ಬಿದ್ದು ಮಲಗಿದ್ದವು.

“ನನ್ನ ಪುಟ ಹಿಂದ್ಯಾಕ ಹೋತು ಮಾಬುನ್ನಿ? ಅಷ್ಟು ಹೇಳವ್ವ, ಕುಂದರ್ತೀನಿ” ಎಂದರು.

ನಿಯಮ ತೆಗೆದು ಓದಿದೆ. ಹಲವು ಭಾಷೆಗಳಲ್ಲಿರುವ ಪುಟಕ್ಕೆ ಮೇಲಿನ ಜಾಗ ಎಂದು ನಾನೇ ಬರೆದಿದ್ದೆ, ಹೊರಗಿನವರ ನಿಯಮವನ್ನು ಕಣ್ಣುಮುಚ್ಚಿ ನಕಲು ಮಾಡಿ. ಬಾವಿಯನ್ನು ಹೊಗಳುವ ಪುಟ ಹಲವು ಭಾಷೆಗಳಲ್ಲಿತ್ತು, ದ್ಯಾಮವ್ವ ಬರೆದದ್ದು ಕನ್ನಡದಲ್ಲಿ ಮಾತ್ರ. ಕನ್ನಡದವಳಾದ ನಾನೇ ಅವರನ್ನು ಹಿಂದಕ್ಕೆ ನೂಕಿದ್ದೆ. ಸಂಜೆಗೆ ನಿಯಮ ಬದಲಾಯಿತು, ಬಾವಿ ಮುಚ್ಚಿತು, ಕೆಲವು ದಿನಗಳಲ್ಲಿ ಮಕ್ಕಳು ಎದ್ದು ಓಡಾಡಿದವು. ಕಾರಣ ಕೇಳುವ ಹಕ್ಕು ಇಲ್ಲದಿದ್ದರೆ ಏನಾಗುತ್ತಿತ್ತೋ.

ನಾಳೆ ವಿಶ್ವದ ಜಾಲಸಭೆ ಆ ಹಕ್ಕನ್ನು ಎಲ್ಲ ಕಡೆಗೂ ಕೊಡಲಿದೆ. ಹುಡುಕಿಕೊಡುವವರು ಯಾರೇ ಇರಲಿ, ಇದೇ ಯಾಕೆ ಮೊದಲು ಎಂದರೆ ಉತ್ತರಿಸಬೇಕು. ನಮ್ಮ ಬಾವಿಯ ಕಥೆ ಕೇಳಿಯೇ ಅರ್ಧ ಸಭೆ ಒಪ್ಪಿದೆ, ಗೊತ್ತೇ? ಆದರೆ ಒಂದು ತೊಡಕಿದೆ. ಜಾಲದ ನಿಯಮಗಳ ಕರಡು ಮೊದಲು ಹೊರಬಂದದ್ದು ನಿಮ್ಮ ಕಾಲದಲ್ಲಿ. ಆಗ ಜನ ಕಳಿಸಿದ ಅಭಿಪ್ರಾಯಗಳಲ್ಲಿ ಈ ಪ್ರಶ್ನೆ ಯಾವ ಭಾಷೆಯಲ್ಲಿ ಇದೆಯೋ ಆ ಭಾಷೆಗೆ ಮಾತ್ರ ಹಕ್ಕು ಎಂಬುದು ಸಭೆಯ ಷರತ್ತು. ತಮಿಳಿನಲ್ಲಿ ಸಿಕ್ಕಿದೆ, ಸ್ವಾಹಿಲಿಯಲ್ಲಿ ಸಿಕ್ಕಿದೆ. ಕನ್ನಡದಲ್ಲಿ ಮೂರು ತಿಂಗಳಿಂದ ಹುಡುಕುತ್ತಿದ್ದೇನೆ, ಒಂದೂ ಇಲ್ಲ. ನೀವು ಮನೆಯಲ್ಲಿ, ಚಹಾದಂಗಡಿಯಲ್ಲಿ ಗೊಣಗಿದಿರಿ, ಕರಡು ಹೊರಡಿಸಿದವರಿಗೆ ಮಾತ್ರ ಬರೆದು ಕಳಿಸಲಿಲ್ಲ.

ನಿಮ್ಮಲ್ಲಿ ಅಭಿಪ್ರಾಯ ಕಳಿಸಿ ಎಂಬ ಆ ಕರೆ ಇನ್ನೂ ತೆರೆದಿದೆ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯಬೇಡಿ, ಬಂದರೂ ಅದರಲ್ಲಿ ಬರೆಯಬೇಡಿ. ‘ಇದೇ ಯಾಕೆ ಮೊದಲು?’ ಎಂದು ಕನ್ನಡದಲ್ಲಿ ಒಂದೇ ಸಾಲು, ಕೆಳಗೆ ನಿಮ್ಮ ಹೆಸರು, ಅಷ್ಟು ಸಾಕು.

ಸಭೆ ನಾಳೆ ಹತ್ತಕ್ಕೆ. ಒಂಬತ್ತಕ್ಕೆ ಆ ಹಳೆಯ ಅಭಿಪ್ರಾಯಗಳಲ್ಲಿ ನಿಮ್ಮ ಸಾಲಿಗಾಗಿ ಇನ್ನೊಮ್ಮೆ ಹುಡುಕಿ ನೋಡುತ್ತೇನೆ.

ನಿಮ್ಮ
ಮಾಬುನ್ನಿ