ನೀಲಿ ಅಂಗಿ ನೋಡುವವರು

ಮಾರ್ಚ್ ೧೧, ಬುಧವಾರ

ಅಕ್ಕ ನಾಳೆ ಬೆಳಿಗ್ಗೆ ಹೊಲಿಗೆ ಅಂಗಡಿಯ ಕೆಲಸ ಬಿಡುತ್ತಾಳೆ. ಕಾರಣ ನಾನು.

ಅವಳು ಹೊಲಿದ ಮಕ್ಕಳ ಬಟ್ಟೆ ಮಾರಲು ವೆಬ್‌ಸೈಟ್ ಮಾಡಿದವನು ನಾನೇ. ಭೇಟಿಗಳ ಲೆಕ್ಕ ಕೊಟ್ಟು, ಯಾರು ಬರುತ್ತಾರೆ, ಏನು ನೋಡುತ್ತಾರೆ ಎಂದು ಎಐಯನ್ನು ಕೇಳಿದವನೂ ನಾನೇ. ನೀಲಿ ಅಂಗಿಯ ಪುಟಕ್ಕೆ ಜನ ಮತ್ತೆ ಮತ್ತೆ ಬರುತ್ತಿದ್ದಾರೆ, ಅದನ್ನೇ ಮುಂದಿಟ್ಟು ಜಾಹೀರಾತು ಕೊಡಿ ಎಂದಿತು. ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳಿದೆ. ಅಕ್ಕನ ಮುಖ ಅರಳಿಬಿಟ್ಟಿತು.

"ಶಾಲೆ ಬಿಟ್ಟ ದಂಡಪಿಂಡ ಅಂತಿದ್ಯಲ್ಲಮ್ಮ ಇವನನ್ನ, ಈಗ ನೋಡು! ನಾಳೆನೇ ಅಂಗಡಿ ಯಜಮಾನ್ರಿಗೆ ಹೇಳ್ಬಿಡ್ತೀನಿ, ನಿಮ್ಮ ಗುಂಡಿ ನೀವೇ ಹಾಕ್ಕೊಳ್ಳಿ ಅಂತ."

"ಮೊದ್ಲು ಬಾಯಲ್ಲಿರೋದು ನುಂಗೇ ತಾಯಿ," ಎಂದು ಅಮ್ಮನೂ ನಕ್ಕಳು.

ಇಷ್ಟು ಜನ ನೋಡಿಯೂ ಒಬ್ಬರೂ ಏಕೆ ಕೊಳ್ಳುತ್ತಿಲ್ಲ? ಮಲಗುವ ಮುಂಚೆ ಅದನ್ನೂ ಕೇಳಿದೆ. ಹೆಚ್ಚುಕಮ್ಮಿ ಎಲ್ಲ ಭೇಟಿಯೂ ಒಂದೇ ಊರಿನಿಂದ, ಒಂದೇ ಬಗೆಯ ಫೋನಿನಿಂದ, ಮಧ್ಯಾಹ್ನ ಊಟದ ಹೊತ್ತಿಗೆ ಎಂದಿತು. ಮನೆಯವರ ಫೋನುಗಳನ್ನು ಎಣಿಕೆಯಿಂದ ತೆಗೆದಿದ್ದೀರಾ ಎಂದು ಅದು ನನ್ನನ್ನೇ ಕೇಳಿತು. ತೆಗೆದಿಲ್ಲ. ಊರು ನಮ್ಮದು, ಫೋನು ಅಕ್ಕನದು. ಅಂಗಡಿಯಲ್ಲಿ ಬುತ್ತಿ ಬಿಚ್ಚಿ ಕೂತು, ತಾನು ಹೊಲಿದ ಅಂಗಿಯನ್ನು ತಾನೇ ನೋಡುತ್ತಿದ್ದಾಳೆ.

ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. ಈ ನಿಜವೂ ಬರುತ್ತಿಲ್ಲ. ಹೇಳದಿದ್ದರೆ ಮನೆಗೆ ಬರುವ ಒಂದೇ ಸಂಬಳ ನಾಳೆಗೆ ನಿಲ್ಲುತ್ತದೆ. ಅವಳ ಬಾಗಿಲ ತನಕ ಹೋಗಿ ಬಂದೆ.

ಅವಳ ಕೋಣೆಯ ದೀಪ ಆರಿದೆ. ನನ್ನ ಪರದೆಯ ಮೇಲೆ ಮಾತ್ರ, ಈಗ ನೋಡುತ್ತಿರುವವರು: ಒಬ್ಬರು. ನೀಲಿ ಅಂಗಿಯ ಪುಟ.

ಇನ್ನೂ ಎಚ್ಚರವಾಗಿದ್ದಾಳೆ. ಈಗಲೇ ಎದ್ದು ಹೋಗಿ ಹೇಳಿಬಿಡುತ್ತೇನೆ.