ಎಲೆಯ ಹೆಸರು ಎಲೆಗೇ ಇರಲಿ

ಬೆಟಗೇರಿ, ಬುಧವಾರ

ಲಕ್ಷ್ಮೇಶ್ವರದ ಸಾವಂತ್ರೆವ್ವ ಅತ್ತೆಯವರಿಗೆ, ಬರುವ ತಿಂಗಳು ಸೊಸೆಯಾಗಲಿರುವ ಹುಲಿಗೆವ್ವನ ನಮಸ್ಕಾರಗಳು.

ನಿಶ್ಚಯದ ದಿನ ನೀವು, "ಹುಲಿಗೆವ್ವಾ ಅಂತ ಒದರಿದ್ರ ಓಣಿ ಮಂದಿ ನಗ್ತಾರ. ಲಗ್ನದಾಗ ಅಕ್ಕಿಯೊಳಗ ಐಶ್ವರ್ಯಾ ಅಂತ ಬರಸೂಣು" ಅಂದಿರಿ. ಬಾಯಿತುಂಬ ಪೇಢೆ ಇದ್ದದ್ದರಿಂದ ನಾನು ಸುಮ್ಮನಿದ್ದೆ. ಅದನ್ನು ಒಪ್ಪಿಗೆ ಎಂದು ತಿಳಿಯಬಾರದು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ: ಕೋಟ್ಯಂತರ ವರ್ಷಗಳ ಹಿಂದೆ ಕಲ್ಲಾಗಿಹೋದ ಕ್ಲಬ್‌ಮಾಸ್ ಎಂಬ ಹಳೆಯ ಜಾತಿಯ ಮರಗಳ, ಬೀಜದ ಬದಲು ಬೀಜಕವೆಂಬ ಪುಡಿ ಹೊರುವ ಎಲೆಗಳನ್ನು ವಿಂಗಡಿಸಿ ಹೆಸರಿಡುವುದು. ಎಲೆ ಒಂದು ಕಡೆ, ಕಾಂಡ ಒಂದು ಕಡೆ ಸಿಗುವುದರಿಂದ ಒಂದೊಂದಕ್ಕೂ ಬೇರೆ ಹೆಸರು. ಮುಂದೆ ಎರಡೂ ಒಂದೇ ಮರದವು ಎಂದು ಗೊತ್ತಾದರೂ ಎಲೆ ತನ್ನ ಹೆಸರು ಬಿಡುವುದಿಲ್ಲ. ಕಲ್ಲಿನೆಲೆಗೆ ಇರುವ ಹಕ್ಕು ಸೊಸೆಗೂ ಇರಲಿ. ಆದ್ದರಿಂದ ಭಟ್ಟರಿಗೆ ಹೇಳಿ ಹೆಸರು ಬದಲಿಸುವ ಆ ಶಾಸ್ತ್ರವನ್ನು ಬಿಡಿಸಬೇಕು. ಅಕ್ಕಿಯ ತಾಟು ಬಂದೇ ಬಂತೆಂದರೆ, ಬರೆಯಲು ನಿಮ್ಮ ಮಗ ಹಿಡಿದ ಉಂಗುರ ಕಸಿದುಕೊಂಡು ಹುಲಿಗೆವ್ವ ಎಂದೇ ಬರೆಯುವವಳು ನಾನು.

ಸಾವಂತ್ರೆವ್ವ ಎಂಬುದು ನಿಮಗೂ ಲಗ್ನದಲ್ಲಿ ಇಟ್ಟ ಹೆಸರಂತೆ. ಮೊದಲಿನದು ಯಾವುದೆಂದು ಪ್ರಲ್ಹಾದನನ್ನು ಕೇಳಿದರೆ, "ಯಾರಿಗ್ಗೊತ್ತು? ಅವ್ವನ್ನ ಹಂಗ ಯಾರೂ ಕರದದ್ದು ನಾ ಕೇಳಿಲ್ಲ" ಅಂದ. ಹೆತ್ತ ಮಗ!

ಹೊಸದಾಗಿ ಸಿಕ್ಕ ಎಲೆಯೊಂದು ಹೆಸರಿಲ್ಲದೆ ನನ್ನ ಮೇಜಿನ ಮೇಲಿದೆ. ತವರಿನಲ್ಲಿ ನಿಮ್ಮನ್ನು ಕರೆಯುತ್ತಿದ್ದ ಹೆಸರು ಬರೆದು ಕಳಿಸಿರಿ, ಎಲೆಗೆ ಅದನ್ನೇ ಇಡುತ್ತೇನೆ. ಲಂಚ ಎಂದುಕೊಂಡರೂ ಬೇಸರವಿಲ್ಲ. ಒಮ್ಮೆ ಅಚ್ಚಾಯಿತೆಂದರೆ, ಅದನ್ನು ಯಾವ ಅತ್ತೆಯೂ ಬದಲಿಸಲಾರಳು.

ನಿಮ್ಮ
ಹುಲಿಗೆವ್ವ